ತಾಯಿಯ ಅಮೆರಿಕ ಪೌರತ್ವ ಪರೀಕ್ಷೆ: ಇಂಗ್ಲಿಷ್ ಆಡದವರನ್ನು ಸಂದರ್ಶನಕ್ಕೆ ಅಣಿಗೊಳಿಸುವುದು ಹೇಗೆ?

ಚರ್ಚೆ ಆರಂಭಿಸಿದ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 67 ವರ್ಷ. ಗ್ರೀನ್ ಕಾರ್ಡ್ ಪಡೆದು ನಮ್ಮ ಜೊತೆ ಇರಲು ಬಂದು ಒಂಬತ್ತು ವರ್ಷಗಳಾದವು. ಅವರು ಓದಿದ್ದು ಹತ್ತನೇ ತರಗತಿಯವರೆಗೆ, ಅದೂ ಕನ್ನಡ ಮಾಧ್ಯಮದಲ್ಲಿ. ನಿಧಾನವಾಗಿ ಮಾತನಾಡಿದರೆ ಇಂಗ್ಲಿಷ್ ಅರ್ಥವಾಗುತ್ತದೆ. ಅಕ್ಷರಗಳನ್ನು ಕೂಡಿಸಿ ಓದಬಲ್ಲರು. ಆದರೆ ಉತ್ತರ ಕೊಡಬೇಕಾಗಿ ಬಂದಾಗ ನನ್ನ ಮುಖ ನೋಡಿ ಸುಮ್ಮನಾಗಿಬಿಡುತ್ತಾರೆ. ಪೌರತ್ವಕ್ಕೆ ಅರ್ಜಿ ಹಾಕೋಣವೆಂದು ಮನೆಯಲ್ಲಿ ಬಹಳ ದಿನಗಳಿಂದ ಮಾತು ನಡೆಯುತ್ತಿದ್ದರೂ, ಪರೀಕ್ಷೆ ಎಂಬ ಮಾತು ಬಂದ ಕೂಡಲೇ ಅವರು "ಈ ವಯಸ್ಸಿನಲ್ಲಿ ನನ್ನಿಂದ ಆಗುವ ಕೆಲಸವಲ್ಲ" ಎಂದು ಎದ್ದು ಹೋಗುತ್ತಾರೆ.

ಪ್ರಶ್ನೆಪಟ್ಟಿಯನ್ನು ಮುದ್ರಿಸಿ ತಂದು, ಉತ್ತರಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟು, ದಿನಕ್ಕೆ ಐದರಂತೆ ಬಾಯಿಪಾಠ ಮಾಡಿಸಲು ಆರಂಭಿಸಿದ್ದೇನೆ. ಆದರೆ ಹಿಂದಿನ ವಾರ ಹೇಳಿದ ಉತ್ತರವನ್ನು ಈ ವಾರ ಬೇರೆ ಪ್ರಶ್ನೆಗೆ ಹೇಳುತ್ತಾರೆ. ಪರೀಕ್ಷೆ ಇತ್ತೀಚೆಗೆ ಬದಲಾಗಿದೆ ಎಂದೂ, ಹಿರಿಯರಿಗೆ ವಿನಾಯಿತಿ ಇದೆ ಎಂದೂ ಕೇಳಿದ್ದೇನೆ. ತಂದೆತಾಯಿಯರನ್ನು ಈ ದಾರಿಯಲ್ಲಿ ಕರೆದೊಯ್ದವರು ಯಾರಾದರೂ ಇದ್ದರೆ, ದಯವಿಟ್ಟು ಎಲ್ಲಿಂದ ಆರಂಭಿಸಬೇಕೆಂದು ತಿಳಿಸಿ.

ಗ್ರಂಥಾಲಯದ ಪೌರತ್ವ ತರಗತಿಯಲ್ಲಿ ಕಲಿಸುವ ಸ್ವಯಂಸೇವಕ

ಮೊದಲು ನಿಯಮಗಳನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಯಾವ ಪರೀಕ್ಷೆ ಎಂಬುದು ಗೊತ್ತಾಗದೆ ತಯಾರಿ ಆರಂಭಿಸಿದರೆ ಶ್ರಮ ವ್ಯರ್ಥವಾಗುತ್ತದೆ. 2025ರ ಅಕ್ಟೋಬರ್ 20 ಅಥವಾ ಅದರ ನಂತರ ಎನ್-400 ಎಂಬ ಪೌರತ್ವದ ಅರ್ಜಿ ಸಲ್ಲಿಸಿದವರಿಗೆ ಹೊಸ ಪೌರನೀತಿ ಪರೀಕ್ಷೆ, ಅಂದರೆ ಅಮೆರಿಕದ ಸರ್ಕಾರ ಮತ್ತು ಇತಿಹಾಸದ ಪರೀಕ್ಷೆ, ಅನ್ವಯಿಸುತ್ತದೆ. ಇದರಲ್ಲಿ ಒಟ್ಟು 128 ಪ್ರಶ್ನೆಗಳ ಪಟ್ಟಿಯಿದ್ದು, ಅಧಿಕಾರಿ ಅದರಿಂದ 20 ಪ್ರಶ್ನೆಗಳವರೆಗೆ ಕೇಳುತ್ತಾರೆ, 12ಕ್ಕೆ ಸರಿಯುತ್ತರ ಬರಬೇಕು. ಹನ್ನೆರಡು ಸರಿಯಾದ ಕ್ಷಣ ಅಥವಾ ಒಂಬತ್ತು ತಪ್ಪಾದ ಕ್ಷಣ ಪ್ರಶ್ನೆಗಳು ನಿಲ್ಲುತ್ತವೆ. ಅದಕ್ಕೂ ಮೊದಲು ಅರ್ಜಿ ಹಾಕಿದವರಿಗೆ 2008ರ ಹಳೆಯ ಪರೀಕ್ಷೆಯೇ ಇರುತ್ತದೆ: 100 ಪ್ರಶ್ನೆಗಳ ಪಟ್ಟಿ, ಕೇಳುವುದು 10, ಬೇಕಾದದ್ದು 6. ನೀವು ಇನ್ನೂ ಅರ್ಜಿ ಹಾಕಿಲ್ಲವಾದ್ದರಿಂದ ನಿಮಗೆ ಹೊಸ ಪಟ್ಟಿಯೇ. ನೀವು ಮುದ್ರಿಸಿಕೊಂಡಿರುವುದು ನೂರು ಪ್ರಶ್ನೆಗಳದ್ದಾಗಿದ್ದರೆ ಅದನ್ನು ಬದಿಗಿಡಿ. ಎರಡೂ ಪಟ್ಟಿಗಳು ಪೌರತ್ವ ಮತ್ತು ವಲಸೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಯುಎಸ್‌ಸಿಐಎಸ್‌ನ ಜಾಲತಾಣದಲ್ಲಿ ಉತ್ತರಗಳ ಸಮೇತ ಉಚಿತವಾಗಿ ಸಿಗುತ್ತವೆ. ಹಣ ಕೊಟ್ಟು ಪುಸ್ತಕ ಕೊಳ್ಳುವ ಅಗತ್ಯವಿಲ್ಲ.

ಇನ್ನು ವಿನಾಯಿತಿಯ ವಿಷಯ. ಅರ್ಜಿ ಸಲ್ಲಿಸುವ ದಿನಕ್ಕೆ 50 ವರ್ಷ ತುಂಬಿ 20 ವರ್ಷ ಗ್ರೀನ್ ಕಾರ್ಡ್‌ನಲ್ಲಿ ಇಲ್ಲಿ ಇದ್ದವರಿಗೆ, ಅಥವಾ 55 ತುಂಬಿ 15 ವರ್ಷ ಇದ್ದವರಿಗೆ, ಇಂಗ್ಲಿಷ್ ಪರೀಕ್ಷೆ ಇರುವುದಿಲ್ಲ. ಅವರು ದುಭಾಷಿಯ ಮೂಲಕ ಕನ್ನಡದಲ್ಲಿಯೇ ಪೌರನೀತಿಯ ಪ್ರಶ್ನೆಗಳಿಗೆ ಉತ್ತರಿಸಬಹುದು. 65 ತುಂಬಿ 20 ವರ್ಷ ಇದ್ದವರಿಗೆ ಇನ್ನೂ ಸುಲಭ: ನಕ್ಷತ್ರ ಚಿಹ್ನೆಯ 20 ಪ್ರಶ್ನೆಗಳನ್ನು ಮಾತ್ರ ಓದಿಕೊಂಡರೆ ಸಾಕು, ಅವುಗಳಲ್ಲಿ 10 ಕೇಳಿ 6 ಸರಿಯಾದರೆ ತೇರ್ಗಡೆ. ನಿಮ್ಮ ತಾಯಿಯವರಿಗೆ ವಯಸ್ಸು ಹೊಂದುತ್ತದೆ, ವರ್ಷಗಳು ಹೊಂದುವುದಿಲ್ಲ. ಹಾಗಾಗಿ ಈಗ ಅರ್ಜಿ ಹಾಕಿದರೆ ಇಂಗ್ಲಿಷ್ ಸೇರಿದಂತೆ ಪೂರ್ಣ ಪರೀಕ್ಷೆಯನ್ನೇ ಎದುರಿಸಬೇಕು. ವಯಸ್ಸಾಗಿದೆ ಎಂಬುದೊಂದೇ ಕಾರಣಕ್ಕೆ ಎನ್-648 ಎಂಬ ವೈದ್ಯಕೀಯ ವಿನಾಯಿತಿಯೂ ಸಿಗುವುದಿಲ್ಲ. ಕಲಿಯಲು ಅಥವಾ ಕಲಿತದ್ದನ್ನು ತೋರಿಸಲು ಅಡ್ಡಿಯಾಗುವಂಥ ದೈಹಿಕ ಅಥವಾ ಮಾನಸಿಕ ತೊಂದರೆ ಇದೆಯೆಂದು ಇಲ್ಲಿಯ ಪರವಾನಗಿ ಹೊಂದಿದ ವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಪ್ರಮಾಣೀಕರಿಸಿದರೆ ಮಾತ್ರ ಅದು ಅನ್ವಯಿಸುತ್ತದೆ.

ಇಷ್ಟು ಹೇಳಿದ ಮೇಲೆ, ನನಗೆ ಮುಖ್ಯವೆನಿಸುವ ಮಾತು ಬೇರೆಯೇ ಇದೆ. 128 ಪ್ರಶ್ನೆಗಳ ಪಟ್ಟಿಯೇ ಪರೀಕ್ಷೆ ಎಂದು ಬಹುತೇಕ ಕುಟುಂಬಗಳು ಭಾವಿಸುತ್ತವೆ. ನಮ್ಮ ತರಗತಿಗೆ ಬರುವ ಹಿರಿಯರಲ್ಲಿ ಪಟ್ಟಿಯನ್ನು ಕರಗತ ಮಾಡಿಕೊಂಡವರು ಅನೇಕರಿದ್ದಾರೆ. ಅವರು ಎಡವುವುದು ಅಲ್ಲಿ ಅಲ್ಲ, ತಮ್ಮದೇ ಅರ್ಜಿಯ ಕುರಿತು ಅಧಿಕಾರಿ ಕೇಳುವ ಪ್ರಶ್ನೆಗಳಲ್ಲಿ. ಇಂಗ್ಲಿಷ್ ಮಾತನಾಡುವ ಪರೀಕ್ಷೆಗೆ ಪ್ರತ್ಯೇಕ ಪ್ರಶ್ನೆಪತ್ರಿಕೆ ಎಂಬುದಿಲ್ಲ. ಎನ್-400ರಲ್ಲಿ ಬರೆದಿರುವುದನ್ನು ಅಧಿಕಾರಿ ಒಂದೊಂದಾಗಿ ಕೇಳುತ್ತಾ ಹೋಗುವಾಗ ನೀವು ಅರ್ಥಮಾಡಿಕೊಂಡು ಉತ್ತರಿಸುತ್ತೀರೋ ಇಲ್ಲವೋ ಎಂಬುದೇ ಆ ಪರೀಕ್ಷೆ. ಆದ್ದರಿಂದ ತಯಾರಿಯನ್ನು ಅರ್ಜಿಯಿಂದ ಆರಂಭಿಸಿ, ಪಟ್ಟಿಯಿಂದ ಅಲ್ಲ.

ಮಿಷಿಗನ್‌ನ ಸದಸ್ಯರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂಬತ್ತು ವರ್ಷ ಕಳೆದಿದೆ, ಇನ್ನು ಆರು ವರ್ಷ ಕಾದರೆ 55/15ರ ನಿಯಮದಡಿ ಇಡೀ ಸಂದರ್ಶನವನ್ನು ಕನ್ನಡದಲ್ಲಿಯೇ ಮುಗಿಸಬಹುದಲ್ಲವೇ? ಹಿರಿಯರ ಮೇಲೆ ಇಂಗ್ಲಿಷ್ ಹೇರಿ ಅವರ ನೆಮ್ಮದಿ ಕೆಡಿಸುವುದಕ್ಕಿಂತ ಕಾಯುವುದೇ ಮೇಲು ಎಂದು ನಾವು ನಮ್ಮ ಮಾವನವರ ವಿಷಯದಲ್ಲಿ ನಿರ್ಧರಿಸಿದೆವು. ಗ್ರೀನ್ ಕಾರ್ಡ್ ಇದ್ದರೆ ಇಲ್ಲಿ ಇರಲು ಯಾವ ತೊಂದರೆಯೂ ಇಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸಿಕೊಂಡರಾಯಿತು. 65 ದಾಟಿ, ಐದು ವರ್ಷ ಸತತವಾಗಿ ಇಲ್ಲಿ ವಾಸವಿದ್ದವರು ಪೌರತ್ವವಿಲ್ಲದೆಯೂ ಕಂತು ಕಟ್ಟಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಪಡೆಯಬಹುದು. ಅವಸರವೇನಿದೆ?

ಗ್ರಂಥಾಲಯದ ಸ್ವಯಂಸೇವಕ

ಮಿಷಿಗನ್‌ನವರ ಮಾತು ತಳ್ಳಿಹಾಕುವಂಥದ್ದಲ್ಲ. ಕೆಲವು ಹಿರಿಯರಿಗೆ ಅದೇ ಸರಿಯಾದ ದಾರಿ. ಆದರೆ ಈ ತಾಯಿಯವರಿಗೆ ಆಗ 73 ತುಂಬಿರುತ್ತದೆ, ಮತ್ತು 55/15ರಲ್ಲಿ ಭಾಷೆ ಮಾತ್ರ ಕನ್ನಡವಾಗುತ್ತದೆ, 128 ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಅವರು ಅಕ್ಷರ ಕೂಡಿಸಿ ಓದಬಲ್ಲರು, ನಿಧಾನವಾಗಿ ಹೇಳಿದರೆ ತಿಳಿಯುತ್ತದೆ ಎಂದು ಮಗಳೇ ಬರೆದಿದ್ದಾರೆ. ಬೇಕಾಗಿರುವ ಇಂಗ್ಲಿಷ್‌ಗೆ ಅದು ಒಳ್ಳೆಯ ತಳಪಾಯ. ಜೊತೆಗೆ, ಗ್ರೀನ್ ಕಾರ್ಡ್ ಇರುವವರು ಬಹುಕಾಲ ಹೊರದೇಶದಲ್ಲಿ ಉಳಿದರೆ ಮರಳಿ ಬರುವಾಗ ಪ್ರಶ್ನೆಗಳು ಏಳುತ್ತವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಭಾರತದಲ್ಲಿರುವ ಹಿರಿಯರಿಗೆ ಯಾವ ಕಾರಣಕ್ಕೆ ಎಷ್ಟು ಕಾಲ ಅಲ್ಲಿ ನಿಲ್ಲಬೇಕಾಗುವುದೋ ಹೇಳಲಾಗದು.

ಟೆಕ್ಸಾಸ್‌ನ ಸದಸ್ಯೆ

ಪ್ರಯಾಣದ ಮಾತು ಬಂದದ್ದರಿಂದ ಹೇಳುತ್ತೇನೆ: ತಯಾರಿಯ ಮೊದಲ ಕೆಲಸ ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡು ಕಳೆದ ಐದು ವರ್ಷಗಳ ಪ್ರಯಾಣದ ದಿನಾಂಕಗಳನ್ನು ಬರೆಯುವುದು. ಈ ಐದು ವರ್ಷಗಳಲ್ಲಿ ಕನಿಷ್ಠ ಅರ್ಧದಷ್ಟು ಕಾಲ, ಅಂದರೆ 30 ತಿಂಗಳು, ಈ ನೆಲದ ಮೇಲೆ ಇದ್ದಿರಬೇಕು. ಅದು ಒಂದು ಲೆಕ್ಕ. ಇನ್ನೊಂದು ಲೆಕ್ಕ ಪ್ರತಿಯೊಂದು ಪ್ರಯಾಣದ್ದು. ಒಂದೇ ಪ್ರಯಾಣ ಆರು ತಿಂಗಳಿಗಿಂತ ಹೆಚ್ಚಾಗಿದ್ದರೆ ಪೌರತ್ವಕ್ಕೆ ಬೇಕಾದ ಸತತ ವಾಸ ಮುರಿದಿದೆ ಎಂದೇ ಅಧಿಕಾರಿಗಳು ಭಾವಿಸುತ್ತಾರೆ. ಮನೆ, ಕುಟುಂಬ, ತೆರಿಗೆ ಎಲ್ಲವೂ ಇಲ್ಲಿಯೇ ಇತ್ತೆಂದು ದಾಖಲೆಗಳಿಂದ ತೋರಿಸುವ ಹೊಣೆ ಅರ್ಜಿದಾರರದ್ದಾಗುತ್ತದೆ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಸತತ ವಾಸ ನಿಶ್ಚಯವಾಗಿ ಮುರಿಯುತ್ತದೆ. ನಮ್ಮ ತಂದೆತಾಯಿಯರಲ್ಲಿ ಚಳಿಗಾಲ ಪೂರ್ತಿ ಭಾರತದಲ್ಲಿ ಕಳೆದು ಬರುವವರು ಬಹಳ ಮಂದಿ, ಆದ್ದರಿಂದ ಈ ವಿಷಯ ನಮಗೆ ಹೆಚ್ಚಾಗಿ ತಟ್ಟುತ್ತದೆ. ದಿನಾಂಕಗಳು ಅರ್ಜಿಯಲ್ಲಿ ಸರಿಯಾಗಿದ್ದರೆ ಸಾಲದು. "ಕೊನೆಯ ಬಾರಿ ಯಾವಾಗ ಹೋಗಿದ್ದಿರಿ, ಎಷ್ಟು ದಿನ ಇದ್ದಿರಿ, ಯಾರನ್ನು ನೋಡಲು ಹೋಗಿದ್ದಿರಿ" ಎಂದು ಕೇಳಿದಾಗ ತಾಯಿಯವರೇ ಹೇಳಬೇಕು.

ನನ್ನ ತಂದೆಯವರ ತಯಾರಿಯಲ್ಲಿ ನಮಗೆ ಅತಿ ಕಷ್ಟವಾಗಿದ್ದ ಭಾಗವನ್ನೂ ಹೇಳಿಬಿಡುತ್ತೇನೆ. ಅರ್ಜಿಯ ಕೊನೆಯ ಕಡೆ "ಹ್ಯಾವ್ ಯು ಎವರ್" ಎಂದು ಆರಂಭವಾಗುವ ಪ್ರಶ್ನೆಗಳ ಉದ್ದನೆಯ ಸಾಲು ಇದೆ: ನೀವು ಎಂದಾದರೂ ಅಮೆರಿಕದ ಪೌರರೆಂದು ಹೇಳಿಕೊಂಡಿದ್ದೀರಾ, ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದ್ದೀರಾ, ಬಂಧನಕ್ಕೆ ಒಳಗಾಗಿದ್ದೀರಾ, ಸರ್ಕಾರವನ್ನು ಬಲಪ್ರಯೋಗದಿಂದ ಉರುಳಿಸುವ ಗುಂಪಿನಲ್ಲಿದ್ದಿರಾ, ಚಿತ್ರಹಿಂಸೆಯಲ್ಲಿ ಪಾಲ್ಗೊಂಡಿದ್ದಿರಾ, ಇತ್ಯಾದಿ. ಹಿರಿಯರಿಗೆ ಅಧಿಕಾರಿಯ ಎದುರು ವಿನಯದಿಂದ "ಯೆಸ್, ಯೆಸ್" ಎಂದು ತಲೆಯಾಡಿಸುವ ಅಭ್ಯಾಸ. ಆ ಅಭ್ಯಾಸವನ್ನು ಬಿಡಿಸಲು ನಾವು "ಇದಕ್ಕೆಲ್ಲ ನೋ ಎನ್ನಿ" ಎಂದು ಹೇಳಿಕೊಡುತ್ತೇವೆ. ಅಪ್ಪನೂ ಎಲ್ಲಕ್ಕೂ "ನೋ" ಎನ್ನಲು ಕಲಿತರು. ಆದರೆ ಅದೇ ಸಾಲಿನ ಕೊನೆಗೆ ಪ್ರಶ್ನೆಗಳು ತಿರುವು ಪಡೆಯುತ್ತವೆ: ಸಂವಿಧಾನವನ್ನು ಬೆಂಬಲಿಸುತ್ತೀರಾ, ನಿಷ್ಠೆಯ ಪ್ರಮಾಣ ಸ್ವೀಕರಿಸಲು ಸಿದ್ಧರಿದ್ದೀರಾ, ಕಾನೂನು ಕೇಳಿದಾಗ ದೇಶಕ್ಕಾಗಿ ಶಸ್ತ್ರ ಹಿಡಿಯಲು ಸಿದ್ಧರಿದ್ದೀರಾ? ಮನೆಯ ಅಭ್ಯಾಸದಲ್ಲಿ ಅಪ್ಪ ಅದೇ ಓಟದಲ್ಲಿ ಇವಕ್ಕೂ "ನೋ, ನೋ" ಎಂದುಬಿಟ್ಟರು. ಅಂದು ನಮಗೆ ತಿಳಿದದ್ದು, ಉತ್ತರವನ್ನು ಕಲಿಸುವುದು ವ್ಯರ್ಥ, ಪ್ರಶ್ನೆಯನ್ನೇ ಕಲಿಸಬೇಕು. ಮೊದಲು ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ವಿವರಿಸಿದೆವು, ಅದು ಏಕೆ ಕೇಳಲ್ಪಡುತ್ತದೆ ಎಂದೂ ಹೇಳಿದೆವು. ಆಮೇಲೆ ಪ್ರತಿ ಪ್ರಶ್ನೆಯಲ್ಲಿ ಕಿವಿಗೆ ಬೀಳಲೇಬೇಕಾದ ಒಂದು ಪದವನ್ನು ಗುರುತು ಮಾಡಿದೆವು: ವೋಟ್, ಅರೆಸ್ಟ್, ಓತ್, ಹೀಗೆ. ಕೊನೆಗೆ ಕ್ರಮವನ್ನು ಬೆರೆಸಿ ಕೇಳಿದೆವು. ಕ್ರಮ ಬೆರೆಸುವವರೆಗೆ ಅವರಿಗೆ ಬರುತ್ತದೆಯೋ ಇಲ್ಲವೋ ಎಂಬುದು ಗೊತ್ತೇ ಆಗುವುದಿಲ್ಲ.

ಮತದಾನದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಾಹನ ಪರವಾನಗಿ ಅಥವಾ ರಾಜ್ಯದ ಗುರುತಿನ ಚೀಟಿ ಮಾಡಿಸುವ ಕಚೇರಿಯಲ್ಲಿಯೇ ಮತದಾರರ ನೋಂದಣಿಯ ಬಗ್ಗೆಯೂ ಕೇಳುತ್ತಾರೆ. 1993ರ ರಾಷ್ಟ್ರೀಯ ಕಾಯ್ದೆಯೊಂದು ಈ ವ್ಯವಸ್ಥೆಯನ್ನು ತಂದಿದೆ. ಭಾಷೆ ತಿಳಿಯದ ಹಿರಿಯರು ಅಲ್ಲಿ ತಲೆಯಾಡಿಸಿ ಸಹಿ ಮಾಡಿರುವ ಸಾಧ್ಯತೆ ಇದೆ. ಪೌರರಲ್ಲದವರ ಹೆಸರು ಪಟ್ಟಿಗೆ ಸೇರಿದ್ದರೆ ಪರಿಣಾಮ ಗಂಭೀರ. ಅರ್ಜಿ ಹಾಕುವ ಮೊದಲೇ ಇದನ್ನು ಪರಿಶೀಲಿಸಿ, ಅನುಮಾನವಿದ್ದರೆ ವಲಸೆ ವಕೀಲರನ್ನು ಕಂಡ ಮೇಲೆಯೇ ಮುಂದುವರಿಯಿರಿ.

ಚರ್ಚೆ ಆರಂಭಿಸಿದ ಸದಸ್ಯೆ

ನಿಮ್ಮೆಲ್ಲರ ಉತ್ತರಗಳನ್ನು ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ತಲೆಯಾಡಿಸುವ ಅಭ್ಯಾಸದ ಮಾತು ಬಂದಾಗ ಅವರು "ಅದು ನಾನೇ" ಎಂದರು. ಪ್ರಯಾಣದ ದಿನಾಂಕಗಳನ್ನು ಬರೆಯಲು ಕುಳಿತಿದ್ದೇವೆ.

ಹೊಸ ಪಟ್ಟಿಯನ್ನು ಇಳಿಸಿಕೊಂಡು ನೋಡಿದೆ. ಅದರಲ್ಲಿ "ಏಕೆ" ಎಂದು ಕೇಳುವ ಪ್ರಶ್ನೆಗಳೇ ಹೆಚ್ಚು ಹೆದರಿಸುತ್ತಿವೆ. ಸರ್ಕಾರಕ್ಕೆ ಮೂರು ಅಂಗಗಳಿವೆ, ಏಕೆ? ಪ್ರತಿ ರಾಜ್ಯಕ್ಕೆ ಇಬ್ಬರೇ ಸೆನೆಟರ್‌ಗಳು ಏಕೆ? ಸುಪ್ರೀಂ ಕೋರ್ಟ್ ನ್ಯಾಯಾಧೀಶರು ಜೀವನಪರ್ಯಂತ ಏಕೆ ಇರುತ್ತಾರೆ? ಇಸವಿ, ಹೆಸರು, ಸಂಖ್ಯೆಗಳನ್ನಾದರೂ ಬಾಯಿಪಾಠ ಮಾಡಿಸಬಹುದು, ಇವನ್ನು ಹೇಗೆ ಮಾಡಿಸುವುದು?

ಗ್ರಂಥಾಲಯದ ಸ್ವಯಂಸೇವಕ

ಈ ಪ್ರಶ್ನೆಗಳೇ ನಿಮ್ಮ ತಾಯಿಯವರಿಗೆ ಅನುಕೂಲವಾದವು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಅವರು ಪ್ರಜಾಪ್ರಭುತ್ವವನ್ನು ಹೊಸದಾಗಿ ಕಲಿಯಬೇಕಾದವರಲ್ಲ. ದಶಕಗಳ ಕಾಲ ಮತ ಹಾಕಿದವರು, ಸರ್ಕಾರಗಳು ಬರುವುದನ್ನೂ ಬೀಳುವುದನ್ನೂ ನೋಡಿದವರು, ಹೈಸ್ಕೂಲಿನಲ್ಲಿ ಪೌರನೀತಿ ಓದಿದವರು. ಹೆಸರುಗಳು ಬೇರೆ, ವ್ಯವಸ್ಥೆಯ ಎಲುಬುಗಳು ಬಹುಮಟ್ಟಿಗೆ ಅವೇ. ಅವರಿಗೆ ಗೊತ್ತಿರುವ ಭಾರತದ ಸಂವಿಧಾನದಿಂದ ಆರಂಭಿಸಿ, ಎಲ್ಲಿ ಒಂದೇ ರೀತಿ, ಎಲ್ಲಿ ಬೇರೆ ಎಂದು ಕನ್ನಡದಲ್ಲಿಯೇ ಮಾತನಾಡಿ. ಇಂಗ್ಲಿಷ್ ಆಮೇಲೆ ಬರಲಿ.

ಸೆನೆಟ್ ಎಂದರೆ ರಾಜ್ಯಸಭೆಯಂಥ ಸಭೆ ಎನ್ನಿ. ಎರಡರಲ್ಲೂ ಆರು ವರ್ಷದ ಅವಧಿ, ಎರಡರಲ್ಲೂ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದ ಸ್ಥಾನಗಳಿಗೆ ಹೊಸದಾಗಿ ಆಯ್ಕೆ. ಬೇರೆಯಾಗುವುದು ಎಲ್ಲಿ? ರಾಜ್ಯಸಭೆಯಲ್ಲಿ ಉತ್ತರಪ್ರದೇಶಕ್ಕೆ 31 ಸ್ಥಾನ, ಗೋವಾಕ್ಕೆ ಒಂದೇ. ಇಲ್ಲಿ ದೊಡ್ಡ ಕ್ಯಾಲಿಫೋರ್ನಿಯಾಕ್ಕೂ ಎರಡು, ಪುಟ್ಟ ಜನಸಂಖ್ಯೆಯ ವಯೋಮಿಂಗ್‌ಗೂ ಎರಡು, ಹೀಗೆ 50 ರಾಜ್ಯಗಳಿಂದ 100. ಗೋವಾದವರು "ನಮಗೂ ಉತ್ತರಪ್ರದೇಶದಷ್ಟೇ ಸ್ಥಾನ ಕೊಡಿ, ಇಲ್ಲದಿದ್ದರೆ ಒಕ್ಕೂಟಕ್ಕೆ ಸೇರುವುದಿಲ್ಲ" ಎಂದು ಪಟ್ಟು ಹಿಡಿದಿದ್ದರೆ ಏನಾಗುತ್ತಿತ್ತೋ, 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಲು ಕುಳಿತಾಗ ಸಣ್ಣ ರಾಜ್ಯಗಳು ಹಿಡಿದದ್ದು ಅಂಥದೇ ಪಟ್ಟು. ಒಂದು ಸಭೆಯಲ್ಲಿ ಎಲ್ಲರಿಗೂ ಸಮಾನ ಸ್ಥಾನ, ಇನ್ನೊಂದರಲ್ಲಿ ಜನಸಂಖ್ಯೆಗೆ ತಕ್ಕಂತೆ ಎಂಬ ರಾಜಿಯಿಂದ ಅದು ಬಗೆಹರಿಯಿತು. ಇಷ್ಟು ತಿಳಿದರೆ "ಈಕ್ವಲ್ ರೆಪ್ರೆಸೆಂಟೇಶನ್" ಎಂಬ ಎರಡು ಪದಗಳು ತಾಯಿಯವರಿಗೆ ಬರಿಯ ಸದ್ದಾಗಿ ಉಳಿಯುವುದಿಲ್ಲ.

ಕೆಳಮನೆಯಲ್ಲಿ ಮತದ ಹಕ್ಕಿರುವ ಸದಸ್ಯರು 435, ಅವಧಿ ಎರಡೇ ವರ್ಷ. ಲೋಕಸಭೆಯ ಐದು ವರ್ಷ ಕಂಡವರಿಗೆ ಇದು ಆಶ್ಚರ್ಯವೆನಿಸುತ್ತದೆ, ಆ ಆಶ್ಚರ್ಯವನ್ನೇ ಹಿಡಿದುಕೊಳ್ಳಿ. ಸೆನೆಟರ್‌ಗಳಿಗಿಂತ ಇವರ ಅವಧಿ ಏಕೆ ಕಡಿಮೆ ಎಂಬ ಪ್ರಶ್ನೆಯೂ ಪಟ್ಟಿಯಲ್ಲಿದೆ: ಜನಾಭಿಪ್ರಾಯಕ್ಕೆ ಹೆಚ್ಚು ಹತ್ತಿರವಾಗಿರಲಿ ಎಂದು. ಎರಡು ವರ್ಷಕ್ಕೊಮ್ಮೆ ಜನರ ಬಾಗಿಲಿಗೆ ಬರಲೇಬೇಕಾದವನು ಜನರ ಮಾತು ಕೇಳುತ್ತಾನೆ ಎಂಬುದನ್ನು ನಿಮ್ಮ ತಾಯಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ನ್ಯಾಯಾಧೀಶರ ವಿಷಯವೂ ಹೀಗೆಯೇ. ಭಾರತದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 65ಕ್ಕೆ ನಿವೃತ್ತರಾಗುತ್ತಾರೆ. ಇಲ್ಲಿಯ ಒಂಬತ್ತು ಮಂದಿಗೆ ನಿವೃತ್ತಿಯ ವಯಸ್ಸು ಇಲ್ಲ. ರಾಜಕೀಯದ ಹಂಗಿಲ್ಲದೆ ತೀರ್ಪು ಕೊಡಲಿ ಎಂಬುದೇ ಕಾರಣ. ಉಳಿದ ಅಧಿಕಾರದ ಪ್ರಶ್ನೆಯಲ್ಲಿ ಮಾತ್ರ ಎರಡೂ ದೇಶಗಳು ತದ್ವಿರುದ್ಧ: ಸಂವಿಧಾನದ ಅಧಿಕಾರ ಹಂಚಿಕೆಯಲ್ಲಿ ಹೆಸರಿಸದ ವಿಷಯಗಳು ಭಾರತದಲ್ಲಿ ಕೇಂದ್ರಕ್ಕೆ ಸೇರುತ್ತವೆ, ಅಮೆರಿಕದಲ್ಲಿ ಹತ್ತನೇ ತಿದ್ದುಪಡಿಯ ಪ್ರಕಾರ ರಾಜ್ಯಗಳಿಗೆ ಅಥವಾ ಜನರಿಗೆ. ಮಂತ್ರಿಮಂಡಲದ ಬಗ್ಗೆಯೂ ಎಚ್ಚರಿಸಿ. ಭಾರತದಲ್ಲಿ ಮಂತ್ರಿಯಾಗುವವರು ಸಂಸತ್ತಿನ ಸದಸ್ಯರಾಗಿರಬೇಕು, ಇಲ್ಲವೇ ಆರು ತಿಂಗಳಲ್ಲಿ ಆಗಬೇಕು. ಇಲ್ಲಿ ಕಾಂಗ್ರೆಸ್ ಸದಸ್ಯತ್ವವನ್ನು ಇಟ್ಟುಕೊಂಡು ಅಧ್ಯಕ್ಷರ ಕ್ಯಾಬಿನೆಟ್‌ನಲ್ಲಿ ಇರುವಂತಿಲ್ಲ. ಇದನ್ನು ಹೇಳದಿದ್ದರೆ ಮೂರು ಅಂಗಗಳ ಪ್ರಶ್ನೆ ಅವರಿಗೆ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಕಾರ್ಯಾಂಗ ಮತ್ತು ಶಾಸಕಾಂಗಗಳ ನಡುವೆ ಇಲ್ಲಿರುವಷ್ಟು ಗೋಡೆಯಿಲ್ಲ.

ಇತಿಹಾಸವನ್ನೂ ಬಿಡಿಬಿಡಿಯಾಗಿ ಕಲಿಸಬೇಡಿ. ಬ್ರಿಟಿಷರ ತೆರಿಗೆ, ಪ್ರತಿನಿಧಿಗಳಿಲ್ಲದ ಆಡಳಿತ, 13 ವಸಾಹತುಗಳ ದಂಗೆ, 1776ರ ಸ್ವಾತಂತ್ರ್ಯ ಘೋಷಣೆ: ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಪಡೆದ ದೇಶದಿಂದ ಬಂದ ಹಿರಿಯರಿಗೆ ಇದು ಕಥೆಯಾಗಿ ಬಹಳ ಬೇಗ ಮನಸ್ಸಿಗಿಳಿಯುತ್ತದೆ. ಅಲ್ಲಿಂದ ಗುಲಾಮಗಿರಿ, 1861ರಿಂದ 1865ರವರೆಗಿನ ಅಂತರ್ಯುದ್ಧ, ಲಿಂಕನ್, 1920ರಲ್ಲಿ ಮಹಿಳೆಯರಿಗೆ ಮತದ ಹಕ್ಕು, ಮಾರ್ಟಿನ್ ಲೂಥರ್ ಕಿಂಗ್. ಕಿಂಗ್ ಅವರು ಗಾಂಧೀಜಿಯವರ ಅಹಿಂಸೆಯಿಂದ ಪ್ರೇರಣೆ ಪಡೆದವರು, 1959ರಲ್ಲಿ ಭಾರತಕ್ಕೆ ಬಂದು ಹೋದವರು ಎಂದು ನಾನು ನಮ್ಮ ತರಗತಿಯಲ್ಲಿ ಹೇಳಿದಾಗ, ಅದುವರೆಗೆ ಹಿಂದಿನ ಸಾಲಿನಲ್ಲಿ ಮೌನವಾಗಿರುತ್ತಿದ್ದ ಹಿರಿಯರೊಬ್ಬರು ದಂಡಿಯಾತ್ರೆಯನ್ನು ತಾವೇ ಎಲ್ಲರಿಗೂ ವಿವರಿಸಿದರು, ಅದೂ ಇಂಗ್ಲಿಷ್‌ನಲ್ಲಿ. ವ್ಯಾಕರಣ ಸರಿಯಿರಲಿಲ್ಲ, ಆದರೆ ಅರ್ಥವಾಗದೆ ಉಳಿದದ್ದು ಒಂದು ಮಾತೂ ಇರಲಿಲ್ಲ. ಅಧಿಕಾರಿ ನೋಡುವುದೂ ಅಷ್ಟನ್ನೇ.

ಅಧ್ಯಕ್ಷರು, ಉಪಾಧ್ಯಕ್ಷರು, ಸ್ಪೀಕರ್, ನಿಮ್ಮ ರಾಜ್ಯದ ಗವರ್ನರ್, ಸೆನೆಟರ್‌ಗಳು, ಇಂಥ ಹೆಸರುಗಳನ್ನು ಮಾತ್ರ ಈಗಲೇ ಗಟ್ಟಿ ಮಾಡಿಸಬೇಡಿ. ಸಂದರ್ಶನದ ದಿನ ಯಾರು ಆ ಸ್ಥಾನದಲ್ಲಿರುತ್ತಾರೋ ಅವರ ಹೆಸರೇ ಸರಿಯುತ್ತರ. ಹಿಂದಿನ ವಾರ ನೋಡಿಕೊಂಡರೆ ಸಾಕು.

ನ್ಯೂಜೆರ್ಸಿಯ ಸದಸ್ಯರು

ಓದು ಮತ್ತು ಬರಹದ ಬಗ್ಗೆ ಯಾರೂ ಹೇಳಿಲ್ಲ. ಇವು ಕೇಳಿದಷ್ಟು ಕಷ್ಟವಲ್ಲ. ಓದಲು ಮೂರು ವಾಕ್ಯಗಳವರೆಗೆ ಕೊಡುತ್ತಾರೆ, ಒಂದನ್ನು ಸರಿಯಾಗಿ ಓದಿದರೆ ಆಯಿತು. ಬರೆಯಲು ಮೂರು ವಾಕ್ಯಗಳವರೆಗೆ ಹೇಳುತ್ತಾರೆ, ಅಲ್ಲಿಯೂ ಒಂದು ಸಾಕು. ಬಳಸುವ ಪದಗಳ ಎರಡು ಪಟ್ಟಿಗಳನ್ನು ಯುಎಸ್‌ಸಿಐಎಸ್ ಪ್ರಕಟಿಸಿದೆ. ಪದಗಳು ಕೆಲವೇ, ದೊಡ್ಡವೂ ಅಲ್ಲ. ಚಿಕ್ಕಪುಟ್ಟ ಕಾಗುಣಿತದ ತಪ್ಪು, ದೊಡ್ಡಕ್ಷರದ ತಪ್ಪು, ವಿರಾಮ ಚಿಹ್ನೆಯ ತಪ್ಪು ಇವು ಅರ್ಥ ಕೆಡಿಸದಿದ್ದರೆ ಅನುತ್ತೀರ್ಣಗೊಳಿಸುವುದಿಲ್ಲ. ಆದರೆ ಹೇಳಿದ ಪದವನ್ನು ಸಂಕ್ಷಿಪ್ತವಾಗಿ ಬರೆಯುವಂತಿಲ್ಲ. ಸಂಖ್ಯೆಯನ್ನು ಅಂಕಿಯಲ್ಲಿ ಬರೆಯಬಹುದು.

ಒಂದು ವಿಷಯ ಮುಖ್ಯ. ಬರೆಯುವುದು ಹೆಚ್ಚಾಗಿ ಟ್ಯಾಬ್ಲೆಟ್ ಮೇಲೆ, ಸ್ಟೈಲಸ್ ಹಿಡಿದು. ಕಾಗದದ ಮೇಲೆ ದುಂಡಾಗಿ ಬರೆಯುವ ನಮ್ಮ ಅತ್ತೆಯವರ ಅಕ್ಷರಗಳು ಜಾರುವ ಗಾಜಿನ ಮೇಲೆ ಒಂದರ ಮೇಲೊಂದು ಏರಿಬಿಡುತ್ತಿದ್ದವು. ಅಂಗೈ ತಗುಲಿದರೆ ಗೆರೆ ಎದ್ದು ಗಾಬರಿಯಾಗುತ್ತಿತ್ತು. ಮನೆಯ ಟ್ಯಾಬ್ಲೆಟ್‌ನಲ್ಲಿ, ಅಂಗೈಯನ್ನು ಸ್ವಲ್ಪ ಎತ್ತಿ, ಅಕ್ಷರಗಳನ್ನು ದೊಡ್ಡದಾಗಿ, ಪದಗಳ ನಡುವೆ ಹೆಚ್ಚು ಅಂತರ ಬಿಟ್ಟು ಬರೆಯುವುದನ್ನು ಅಭ್ಯಾಸ ಮಾಡಿಸಿದ ಮೇಲೆ ಸರಿಹೋಯಿತು. ವಾಕ್ಯವನ್ನು ಕೇಳಿದ ಕೂಡಲೇ ಬರೆಯಲು ಹೊರಡದೆ, ಒಮ್ಮೆ ಮನಸ್ಸಿನಲ್ಲಿ ಪೂರ್ತಿ ಹೇಳಿಕೊಂಡು ಆಮೇಲೆ ಬರೆಯಲಿ.

ಇಲಿನಾಯ್‌ನ ಸದಸ್ಯೆ

ಒಂದೇ ಬಾರಿಗೆ ಆಗದಿದ್ದರೆ ಎಂಬ ಭಯವೂ ತಾಯಿಯವರಿಗಿರಬಹುದು. ನನ್ನ ಚಿಕ್ಕಮ್ಮನವರಿಗೆ ಮೊದಲ ಸಂದರ್ಶನದಲ್ಲಿ ಬರಹ ಆಗಲಿಲ್ಲ, ಉಳಿದದ್ದೆಲ್ಲ ಆಗಿತ್ತು. 60ರಿಂದ 90 ದಿನಗಳ ಒಳಗೆ ಮತ್ತೊಮ್ಮೆ ಕರೆದರು, ಬರಹವನ್ನು ಮಾತ್ರ ನೋಡಿದರು. ತೇರ್ಗಡೆಯಾದ ಭಾಗಗಳನ್ನು ಮತ್ತೆ ಕೇಳುವುದಿಲ್ಲ. ಎರಡನೆಯ ಬಾರಿಯೂ ಆಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ, ಆದರೆ ಗ್ರೀನ್ ಕಾರ್ಡ್ ಆ ಕಾರಣಕ್ಕೆ ಹೋಗುವುದಿಲ್ಲ, ಮುಂದೆ ಹೊಸದಾಗಿ ಅರ್ಜಿ ಹಾಕಬಹುದು. ಖರ್ಚಿನ ಮಾತೂ ತಿಳಿದಿರಲಿ: 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಆನ್‌ಲೈನ್ ಅರ್ಜಿಗೆ 710 ಡಾಲರ್, ಕಾಗದದ ಅರ್ಜಿಗೆ 760, ಸಲ್ಲಿಸುವ ಮೊದಲು ಅಂದಿನ ದರವನ್ನು ನೋಡಿಕೊಳ್ಳಿ.

ಇನ್ನೊಂದು ಮಾತು, ಇದು ಮಗಳಿಗೆ. ಅಭ್ಯಾಸವನ್ನು ನೀವೊಬ್ಬರೇ ಮಾಡಿಸಬೇಡಿ. ಅಮ್ಮ ಉತ್ತರ ಕೊಡುವಾಗ ನಿಮ್ಮ ಮುಖ ನೋಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಅವರು ಪದ ಹುಡುಕುವಾಗ ನೀವು ಗೊತ್ತಿಲ್ಲದೆಯೇ ಅರ್ಧ ವಾಕ್ಯ ಪೂರ್ತಿ ಮಾಡುತ್ತೀರಿ, ಅವರ ತಡವರಿಕೆಯ ಅರ್ಥ ನಿಮಗೆ ಮೊದಲೇ ಗೊತ್ತಿರುತ್ತದೆ. ಸಂದರ್ಶನದ ಕೋಣೆಯಲ್ಲಿ ಎದುರಿಗಿರುವವರು ಅಪರಿಚಿತರು, ಅವರ ಉಚ್ಚಾರಣೆಯೂ ಬೇರೆ. ಬೇರೆ ಬೇರೆ ದನಿಗಳನ್ನು ಕೇಳಿಸಿ: ನೆರೆಯವರು, ಮೊಮ್ಮಕ್ಕಳ ಗೆಳೆಯರು, ಗ್ರಂಥಾಲಯದ ತರಗತಿ. ಮೊಮ್ಮಕ್ಕಳಿಂದ ಕೇಳಿಸಿದರೆ ಇನ್ನೂ ಒಳ್ಳೆಯದು, ಅವರ ಇಂಗ್ಲಿಷ್ ಇಲ್ಲಿಯದೇ. "ಪ್ಲೀಸ್ ರಿಪೀಟ್", "ಐ ಡೋಂಟ್ ಅಂಡರ್‌ಸ್ಟ್ಯಾಂಡ್ ದಿಸ್ ವರ್ಡ್" ಎಂಬ ಎರಡು ವಾಕ್ಯಗಳನ್ನು ಎಲ್ಲಕ್ಕಿಂತ ಮೊದಲು ಕಲಿಸಿ. ಹೀಗೆ ಕೇಳಿದರೆ ಅಧಿಕಾರಿ ಪ್ರಶ್ನೆಯನ್ನು ಮತ್ತೆ ಹೇಳುತ್ತಾರೆ ಅಥವಾ ಬೇರೆ ಮಾತಿನಲ್ಲಿ ಕೇಳುತ್ತಾರೆ. ಅರ್ಥವಾಗದೆ "ಯೆಸ್" ಎನ್ನುವುದಕ್ಕಿಂತ ಅದು ಎಷ್ಟೋ ಸುರಕ್ಷಿತ.

ಚರ್ಚೆ ಆರಂಭಿಸಿದ ಸದಸ್ಯೆ

ರಾಜ್ಯಸಭೆ ಮತ್ತು ಸೆನೆಟ್ ಹೋಲಿಕೆಯನ್ನು ನಿನ್ನೆ ಹೇಳಿದೆ. ಅಮ್ಮ ನನ್ನನ್ನೇ ತಿರುಗಿ ಕೇಳಿದರು: "ಹಾಗಾದರೆ ಇಲ್ಲಿ ರಾಷ್ಟ್ರಪತಿಯವರನ್ನೂ ಶಾಸಕರೇ ಆರಿಸುತ್ತಾರಾ?" ಎಲೆಕ್ಟೋರಲ್ ಕಾಲೇಜ್ ಎಂಬ ಪದ ಎರಡು ದೇಶಗಳಲ್ಲೂ ಇದ್ದರೂ, ಅಲ್ಲಿ ಸಂಸದರು ಮತ್ತು ಶಾಸಕರು, ಇಲ್ಲಿ ಆ ಕೆಲಸಕ್ಕೆಂದೇ ಆಯ್ಕೆಯಾದ 538 ಮಂದಿ, ಗೆಲ್ಲಲು 270 ಬೇಕು ಎಂದು ವಿವರಿಸಲು ನಾನೇ ಮತ್ತೊಮ್ಮೆ ಓದಬೇಕಾಯಿತು. ಎದ್ದು ಹೋಗುತ್ತಿದ್ದವರು ಈಗ ಪ್ರಶ್ನೆ ಕೇಳುತ್ತಿದ್ದಾರೆ.

ಆದರೆ ಅವರ ಮನಸ್ಸಿನಲ್ಲಿ ಇನ್ನೊಂದು ಇದೆ. ಪ್ರಮಾಣವಚನವನ್ನು ಕನ್ನಡದಲ್ಲಿ ವಿವರಿಸಿದಾಗ, ಬೇರೆ ದೇಶದ ನಿಷ್ಠೆಯನ್ನು ತೊರೆಯುತ್ತೇನೆ ಎಂಬ ಸಾಲಿನಲ್ಲಿ ಅವರು ನಿಂತರು. ಇದಕ್ಕೆ ನಾನು ಏನು ಹೇಳಬೇಕೋ ತಿಳಿಯಲಿಲ್ಲ.

ಟೆಕ್ಸಾಸ್‌ನ ಸದಸ್ಯೆ

ಆ ಸಾಲಿನಲ್ಲಿ ನಿಲ್ಲುವುದು ಸಹಜ, ನಿಲ್ಲಲು ಬಿಡಿ. ಅದನ್ನು ಬರಿಯ ಔಪಚಾರಿಕತೆ ಎಂದು ಸಮಾಧಾನ ಹೇಳುವುದು ಸರಿಯಲ್ಲ, ಏಕೆಂದರೆ ಅದು ನಿಜವಲ್ಲ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ವಿಧಿಯಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟನ್ನು ಒಪ್ಪಿಸಬೇಕು, ಮತದ ಹಕ್ಕು ಉಳಿಯುವುದಿಲ್ಲ. ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡ್ ಪಡೆದರೆ ಜೀವನಪರ್ಯಂತ ವೀಸಾ ಇಲ್ಲದೆ ಹೋಗಿ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಆದರೆ ಅದು ಪೌರತ್ವವಲ್ಲ, ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಇವಿಷ್ಟನ್ನೂ ಮೊದಲೇ ತೆರೆದು ಹೇಳಿ. ನನ್ನ ತಂದೆ ಇದನ್ನು ಕೇಳಿದ ಮೇಲೆ ಅರ್ಜಿಯನ್ನು ಹಲವು ತಿಂಗಳು ಮುಟ್ಟಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಕೊನೆಗೆ ತಾವೇ ನಿರ್ಧರಿಸಿ ಬಂದರು. ತಾವೇ ನಿರ್ಧರಿಸಿದ್ದರಿಂದ, ಪ್ರಮಾಣ ಸ್ವೀಕರಿಸಲು ಸಿದ್ಧರಿದ್ದೀರಾ ಎಂಬ ಪ್ರಶ್ನೆಗೆ ಅವರ "ಯೆಸ್" ಕಲಿಸಿದ ಉತ್ತರವಾಗಿರಲಿಲ್ಲ.

ಚರ್ಚೆ ಆರಂಭಿಸಿದ ಸದಸ್ಯೆ

ನಿಮ್ಮ ಮಾತನ್ನು ಹಾಗೆಯೇ ಓದಿ ಹೇಳಿದೆ. ಅಮ್ಮ ಎರಡು ದಿನ ಏನೂ ಹೇಳಲಿಲ್ಲ. ಇಂದು ಬೆಳಿಗ್ಗೆ ತಾವೇ ಬಂದು, ಮೊದಲು ತಯಾರಿ ಮುಗಿಯಲಿ, ಅರ್ಜಿಯ ಮಾತನ್ನು ಆಮೇಲೆ ತಾನೇ ಹೇಳುತ್ತೇನೆ ಎಂದರು. ಪ್ರಯಾಣದ ದಿನಾಂಕಗಳು ಸರಿಯಿವೆ, ಯಾವ ಪ್ರಯಾಣವೂ ಆರು ತಿಂಗಳು ಮುಟ್ಟಿಲ್ಲ. ಗುರುತಿನ ಚೀಟಿ ಮಾಡಿಸಿದ ಕಚೇರಿಯಲ್ಲಿ ಮತದಾರರ ನೋಂದಣಿ ಆಗಿಲ್ಲ ಎಂಬುದನ್ನೂ ಖಚಿತಪಡಿಸಿಕೊಂಡೆವು. ಫೋನಿನಲ್ಲಿ ಅಮ್ಮನ ಜೊತೆ ಹತ್ತು ನಿಮಿಷ ಇಂಗ್ಲಿಷ್‌ನಲ್ಲಿ ಮಾತನಾಡಲು ಯಾರಾದರೂ ಸಿದ್ಧರಿದ್ದರೆ ಬಹಳ ಉಪಕಾರವಾಗುತ್ತದೆ.

ಮಿಷಿಗನ್‌ನ ಸದಸ್ಯರು

ನಾನು ಸಿದ್ಧ. ಕಾಯಿರಿ ಎಂದು ಹೇಳಿದವನು ನಾನೇ ಆದರೂ, ಅವರೇ ಮನಸ್ಸು ಮಾಡಿದ ಮೇಲೆ ನನ್ನ ಅಭಿಪ್ರಾಯಕ್ಕೆ ಇಲ್ಲಿ ಜಾಗವಿಲ್ಲ. ಭಾನುವಾರ ಬೆಳಿಗ್ಗೆ ಕರೆ ಮಾಡುತ್ತೇನೆ. ಹೆಸರು, ವಿಳಾಸ, ಯಾರ ಜೊತೆ ಇದ್ದೀರಿ, ಭಾರತಕ್ಕೆ ಕೊನೆಯದಾಗಿ ಹೋದದ್ದು ಯಾವಾಗ, ಇಷ್ಟರಿಂದ ಆರಂಭಿಸುತ್ತೇನೆ. ನಾನು ಏನು ಕೇಳುತ್ತೇನೆಂದು ದಯವಿಟ್ಟು ಅವರಿಗೆ ಮೊದಲೇ ಹೇಳಬೇಡಿ. ಕರೆ ಬಂದಾಗ ನೀವು ಪಕ್ಕದ ಕೋಣೆಯಲ್ಲಿದ್ದರೆ ಒಳ್ಳೆಯದು.